ದವಡೆ ಆಪರೇಷನ್ ನಂತರ: ಊತಕ್ಕೆ ಐಸು, ಬಾಯಿಗೆ ಮಕ್ಕಳ ಬ್ರಷ್ಷು

ದವಡೆ ಆಪರೇಷನ್ ಆದವರನ್ನು ನೋಡಲು ಬರುವವರ ಕಣ್ಣೆಲ್ಲ ಮುಖದ ಊತದ ಮೇಲೆ. ಕನ್ನಡಿ ಮುಂದೆ ನಿಂತರೆ ನಮಗೂ ಕಾಣುವುದು ಅದೇ. ಆದರೆ ಊತ ನಾವು ಹೆಚ್ಚೇನೂ ಮಾಡದಿದ್ದರೂ ಇಳಿಯುತ್ತದೆ. ಹಲ್ಲಿಗೆ ಹಾಕಿದ ಕ್ಲಿಪ್ಪಿನ ಸಂದಿಯಲ್ಲಿ ಕೂತ ಗಂಜಿ ಮಾತ್ರ ನಾವು ತೆಗೆಯದೆ ಹೋಗುವುದಿಲ್ಲ, ಹೊಲಿಗೆ ಕೀವಾಗುವುದಕ್ಕೆ ಕೊಳೆ ಬಾಯಿಗಿಂತ ಸುಲಭದ ದಾರಿ ಇಲ್ಲ. ಹಾಗಾಗಿ ನನ್ನ ಶ್ರಮದಲ್ಲಿ ಮುಕ್ಕಾಲು ಪಾಲು ಬಾಯಿ ಶುಚಿಗೆ ಹೋಯಿತು, ಕಾಲು ಪಾಲು ಐಸಿಗೆ.

ನನ್ನದು ಮೇಲಿನದು, ಕೆಳಗಿನದು ಎರಡೂ ದವಡೆಯ ಆಪರೇಷನ್. ಮೂಳೆ ಕತ್ತರಿಸಿ, ಜಾಗಕ್ಕೆ ತಂದು, ಟೈಟಾನಿಯಂ ಪ್ಲೇಟು ಸ್ಕ್ರೂ ಹಾಕಿ ಕೂರಿಸಿದ್ದು. ಹಲ್ಲಿಗೆ ಮೊದಲೇ ಕ್ಲಿಪ್ ಇತ್ತು, ಮೇಲಿನ ಸಾಲನ್ನು ಕೆಳಗಿನದಕ್ಕೆ ರಬ್ಬರ್ ಬ್ಯಾಂಡ್ ಹಿಡಿದಿತ್ತು. ಜಾಗ ಕೊಡಗಿನ ತೋಟದ ಮನೆ, ಕಾಲ ಮಳೆಗಾಲ, ಕರೆಂಟು ಬಂದರೆ ಬಂತು. ಇಲ್ಲಿ ಬರೆದಿರುವುದು ಆ ಮನೆಯಲ್ಲಿ ನಡೆದ ಕ್ರಮ. ನಿಮ್ಮ ಸರ್ಜನ್ ಬೇರೆ ಹೇಳಿದ್ದರೆ ಅವರ ಮಾತೇ ನಡೆಯಲಿ.

ಊತ ಮೊದಲ ದಿನಕ್ಕಿಂತ ಮೂರನೇ ದಿನ ಜಾಸ್ತಿ. 48ರಿಂದ 72 ಗಂಟೆಯ ನಡುವೆ ಅದು ತುತ್ತತುದಿಗೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟಿರುತ್ತಾರೆ, ಅದರ ಪ್ರಭಾವ ಕಳೆಯುತ್ತಾ ಬಂದಂತೆ ಕೆನ್ನೆ ಇನ್ನಷ್ಟು ಉಬ್ಬಿದ ಹಾಗೆ ಕಾಣುವುದೂ ಉಂಟು. ಇದನ್ನು ಮೊದಲೇ ತಿಳಿದುಕೊಳ್ಳದವರು ಮೂರನೇ ದಿನ ಗಾಬರಿ ಬೀಳುತ್ತಾರೆ. ಎರಡು ಮೂರು ವಾರದಲ್ಲಿ ಬಹುಪಾಲು ಇಳಿಯುತ್ತದೆ. ಉಳಿದ ಚೂರುಪಾರು ಪೂರ್ತಿ ಹೋಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಒಂದು ಕೆನ್ನೆ ದಪ್ಪ, ಒಂದು ಸಣ್ಣ ಇರುವುದು, ಹಸಿರು ಹಳದಿ ಕಲೆ ಕುತ್ತಿಗೆಯಿಂದ ಎದೆಗೆ ಇಳಿಯುವುದು ಮಾಮೂಲು. ಬೆಳಿಗ್ಗೆ ಏಳುವಾಗ ಜಾಸ್ತಿ ಇರುವುದೂ ಅಷ್ಟೇ.

ಐಸಿಗೆ ಬೇಕಾದದ್ದು ಎರಡು ಗಟ್ಟಿ ಪ್ಲಾಸ್ಟಿಕ್ ಕವರ್, ಜಜ್ಜಿದ ಐಸು, ಅದಕ್ಕೆ ಎರಡು ಚಮಚ ನೀರು. ನೀರು ಹಾಕಿದರೆ ಐಸು ಮುಖದ ಆಕಾರಕ್ಕೆ ಬಗ್ಗುತ್ತದೆ, ಇಲ್ಲದಿದ್ದರೆ ಮೂಲೆ ಮೂಲೆ ಚುಚ್ಚುತ್ತದೆ. ತೆಳು ಟವೆಲ್ಲಿನಲ್ಲಿ ಸುತ್ತಿ ಎರಡೂ ಕೆನ್ನೆಗೆ ಇಟ್ಟು, ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಹಳೆಯ ದುಪಟ್ಟಾ ಕಟ್ಟಿದರೆ ಕೈ ಖಾಲಿ. 20 ನಿಮಿಷ ಇಡುವುದು, 20 ನಿಮಿಷ ತೆಗೆಯುವುದು, ಎಚ್ಚರ ಇರುವಷ್ಟು ಹೊತ್ತೂ ಮೊದಲ ಎರಡು ದಿನ ಇದೇ. ಐಸಿಡಲೆಂದು ರಾತ್ರಿ ಅಲಾರಾಂ ಇಟ್ಟು ಏಳುವುದು ಬೇಡ, ನಿದ್ದೆಯೇ ಮೇಲು. ಕರೆಂಟ್ ಹೋಗುವ ಕಡೆ ಆಪರೇಷನ್ನಿಗೆ ಹೋಗುವ ಮುಂಚೆಯೇ ಫ್ರೀಜರ್ ತುಂಬ ನೀರಿನ ಕವರ್ ಇಟ್ಟು ಗಟ್ಟಿ ಮಾಡಿಡಿ. ತುಂಬಿದ ಫ್ರೀಜರ್ ಬಾಗಿಲು ತೆರೆಯದಿದ್ದರೆ ಬೇಗ ಕರಗುವುದಿಲ್ಲ. ಬಳಸುವ ಐಸನ್ನು ಬೇರೆ ಫ್ಲಾಸ್ಕಿಗೆ ಹಾಕಿಕೊಂಡರೆ ಪದೇ ಪದೇ ಬಾಗಿಲು ತೆಗೆಯುವ ಕೆಲಸವಿಲ್ಲ. ಅದೂ ಮುಗಿದರೆ ಮಳೆಗಾಲದ ನಲ್ಲಿ ನೀರಿನಲ್ಲಿ ಅದ್ದಿದ ಬಟ್ಟೆ. ನಮ್ಮ ಕಡೆ ಜುಲೈಯಲ್ಲಿ ಆ ನೀರೇನು ಕಡಿಮೆ ತಣ್ಣಗಿರುವುದಿಲ್ಲ.

ಇಲ್ಲಿ ಒಂದು ಅಪಾಯ ಇದೆ. ಕೆಳದವಡೆಯ ಮೂಳೆಯೊಳಗೆ ಹೋಗುವ ನರ ಆಪರೇಷನ್ನಿನಲ್ಲಿ ಎಳೆದಾಡಿಸಿಕೊಂಡಿರುತ್ತದೆ, ಅದರಿಂದ ಕೆಳತುಟಿ, ಗಲ್ಲ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಮರಗಟ್ಟಿರುತ್ತದೆ. ಅಲ್ಲಿ ಐಸು ಕೊರೆದರೂ ಗೊತ್ತಾಗುವುದಿಲ್ಲ, ಬಿಸಿ ಸುಟ್ಟರೂ ಗೊತ್ತಾಗುವುದಿಲ್ಲ. ಗಡಿಯಾರ ನೋಡಿ ತೆಗೆಯಬೇಕೇ ಹೊರತು ಚರ್ಮ ಹೇಳಲಿ ಎಂದು ಕಾಯಬಾರದು. ತೆಗೆದ ಮೇಲೆ ಚರ್ಮ ಬಿಳಿಚಿಕೊಂಡಿದ್ದರೆ ಬಟ್ಟೆ ಇನ್ನೊಂದು ಪದರ ಸೇರಿಸಿ.

ಮನೆಯ ಹಿರಿಯರು ಮೊದಲ ದಿನವೇ "ಒಂಚೂರು ಶಾಖ ಕೊಡು ಮಗ, ಎಳೆದುಬಿಡ್ತದೆ" ಅನ್ನುತ್ತಾರೆ. ಆಗ ಕೊಟ್ಟರೆ ರಕ್ತ ಹರಿವು ಹೆಚ್ಚಿ ಊತವೇ ಜಾಸ್ತಿಯಾಗುತ್ತದೆ. ಶಾಖದ ಸರದಿ ಬರುವುದು ಮೂರು ದಿನ ಕಳೆದ ಮೇಲೆ. ಆಗ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೊಣಕೈ ಒಳಭಾಗಕ್ಕೆ ಮುಟ್ಟಿಸಿ ನೋಡಿ, ಹಿತವಾಗಿದ್ದರೆ ಕೆನ್ನೆಗೆ 15 ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಹಾಟ್ ವಾಟರ್ ಬ್ಯಾಗನ್ನು ಮರಗಟ್ಟಿದ ಗಲ್ಲಕ್ಕೆ ನೇರ ಒತ್ತುವುದು ಬೇಡ. ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ.

ಮಲಗುವುದು ತಲೆ ಎತ್ತರದಲ್ಲಿ, ಎರಡು ವಾರ. ಮಂಚದ ಮೇಲೆ ದಿಂಬು ಪೇರಿಸಿದರೆ ಅರ್ಧರಾತ್ರಿಗೆ ಜಾರಿ ಕುತ್ತಿಗೆ ಮಾತ್ರ ಬಗ್ಗಿರುತ್ತದೆ. ಸೊಂಟದಿಂದಲೇ ಇಳಿಜಾರು ಇರಬೇಕು, ಸುಮಾರು 30ರಿಂದ 45 ಡಿಗ್ರಿ. ಜಗಲಿಯ ಹಳೆಯ ಈಸಿ ಚೇರನ್ನು ಒಳಗೆ ತಂದು, ಮೊಣಕಾಲ ಕೆಳಗೆ ಒಂದು ದಿಂಬು ಇಟ್ಟರೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಹಗಲು ಜಗಲಿಯಲ್ಲೇ ಹತ್ತು ಹತ್ತು ನಿಮಿಷ ಐದಾರು ಸಲ ನಡೆದಾಟ ಬೇಕು, ಮಲಗೇ ಇದ್ದರೆ ಊತವೂ ಕೂತೇ ಇರುತ್ತದೆ. ತೋಟದ ಏರು ಹತ್ತುವುದು, ಬಗ್ಗಿ ಭಾರ ಎತ್ತುವುದು ಮಾತ್ರ ಸದ್ಯಕ್ಕಿಲ್ಲ.

ಇನ್ನು ಬಾಯಿ. ಮೊದಲು ಗಾಯ ಎಲ್ಲಿದೆ ಎಂದು ತಿಳಿದಿರಬೇಕು. ಮೇಲೆ, ತುಟಿಯ ಒಳಗೆ ವಸಡಿಗಿಂತ ಎತ್ತರದಲ್ಲಿ ಅಡ್ಡಕ್ಕೆ ಒಂದು ಹೊಲಿಗೆ. ಕೆಳಗೆ, ಕೊನೆಯ ದವಡೆ ಹಲ್ಲಿನ ಹಿಂದಿನಿಂದ ಕೆನ್ನೆಯ ಕಡೆಗೆ ಎರಡೂ ಬದಿ ಒಂದೊಂದು. ಗಂಜಿ ಬಂದು ಕೂರುವುದು ಈ ಕೆಳಗಿನ ಸಂದಿಗೇ. ಹೊಲಿಗೆ ನೋಡಬೇಕೆಂದು ಮೇಲ್ತುಟಿ ಎತ್ತಿ ಎಳೆಯುವ ಚಟ ಎಲ್ಲರಿಗೂ ಬರುತ್ತದೆ, ಅದರಿಂದಲೇ ಹೊಲಿಗೆ ಬಿಚ್ಚುವುದು.

ಬೇಕಾದ ಸಾಮಾನು: ಮೂರು ವರ್ಷದ ಮಗುವಿನ ಮೆತ್ತನೆ ಬ್ರಷ್, ಸೂಜಿ ಇಲ್ಲದ 20 ಎಂಎಲ್ ಸಿರಿಂಜ್, ಕುದಿಸಿ ಆರಿಸಿದ ಸ್ಟೀಲ್ ಚಮಚ, ಟಾರ್ಚು, ಕನ್ನಡಿ. ಬ್ರಷ್ಷನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಎಳೆ ಇನ್ನೂ ಮೆತ್ತಗಾಗುತ್ತದೆ. ತುಟಿಗೆ ಮೊದಲು ವ್ಯಾಸಲೀನ್, ಇಲ್ಲವಾದರೆ ಒಣಗಿದ ತುಟಿಯ ಮೂಲೆ ಸೀಳುತ್ತದೆ. ಚಮಚದ ಹಿಡಿಯನ್ನು ಕೆನ್ನೆಯ ಒಳಗಿಟ್ಟು ನಿಧಾನ ಹೊರಗೆ ಸರಿಸಿ, ಆ ಸಂದಿಯಲ್ಲಿ ಬ್ರಷ್ಷಿನ ತಲೆ ಇಳಿಸಬೇಕು. ನಾನು ಯಾವಾಗಲೂ ಹಿಂದಿನ ಹಲ್ಲಿನಿಂದ ಶುರು ಮಾಡಿ ಮುಂದಕ್ಕೆ ಬರುತ್ತಿದ್ದೆ. ಮುಂದಿನಿಂದ ಶುರು ಮಾಡಿದರೆ ಹಿಂದೆ ತಲುಪುವಷ್ಟರಲ್ಲಿ ದವಡೆ ಸೋತು, ಕೊಳೆ ಜಾಸ್ತಿ ಇರುವ ಜಾಗವೇ ಬಿಟ್ಟುಹೋಗುತ್ತದೆ. ಕ್ಲಿಪ್ಪಿನ ಮೇಲಂಚಿಗೆ ಒಮ್ಮೆ, ಕೆಳಂಚಿಗೆ ಒಮ್ಮೆ ಓರೆಯಾಗಿ ಹಿಡಿದು ಚಿಕ್ಕ ಚಿಕ್ಕ ಸುತ್ತು. ಪೇಸ್ಟು ಅಕ್ಕಿಕಾಳಿನಷ್ಟು ಸಾಕು, ನೊರೆ ಜಾಸ್ತಿಯಾದರೆ ಉಗುಳಲು ಆಗುವುದಿಲ್ಲ. ಮರಗಟ್ಟಿದ ತುಟಿಯಲ್ಲಿ ಉಗುಳುವುದೇ ಒಂದು ವಿದ್ಯೆ: ಬೇಸಿನ್ ಮೇಲೆ ಬಗ್ಗಿ ಬಾಯಿ ಸಡಿಲ ಬಿಟ್ಟರೆ ತಾನಾಗಿ ಸುರಿಯುತ್ತದೆ. ರಬ್ಬರ್ ತೆಗೆಯಲು ಅಪ್ಪಣೆ ಇಲ್ಲದ ದಿನಗಳಲ್ಲಿ ಹಲ್ಲಿನ ಹೊರಮೈ ಮಾತ್ರ ಸಿಗುತ್ತದೆ. ಒಳಮೈಗೆ ನಾಲಿಗೆಯನ್ನೇ ಬ್ರಷ್ ಮಾಡಿಕೊಂಡು ತಿಕ್ಕಿ, ಉಪ್ಪುನೀರು ಆಡಿಸಬೇಕು. ಅಪ್ಪಣೆ ಸಿಕ್ಕ ಮೇಲೆ ತೆಗೆಯುವ ಮುಂಚೆ ಮೊಬೈಲಲ್ಲಿ ಫೋಟೋ ಹೊಡೆದುಕೊಳ್ಳಿ. ಯಾವ ರಬ್ಬರ್ ಯಾವ ಕೊಕ್ಕೆಗೆ ಎಂದು ಆಮೇಲೆ ನೆನಪಿರುವುದಿಲ್ಲ, ತಪ್ಪು ಕೊಕ್ಕೆಗೆ ಹಾಕಿದರೆ ದವಡೆ ತಪ್ಪು ದಿಕ್ಕಿಗೆ ಎಳೆಯುತ್ತದೆ.

ಉಪ್ಪುನೀರು ಒಂದು ಲೋಟ ಬೆಚ್ಚನೆ ನೀರಿಗೆ ಅರ್ಧ ಟೀ ಚಮಚ. ಕುಡಿದದ್ದು ಏನೇ ಇರಲಿ, ಹಾಲೇ ಇರಲಿ, ಪ್ರತಿ ಸಲ ಆದ ಮೇಲೆ ಇದು. ಜೋರಾಗಿ ಮುಕ್ಕಳಿಸಬಾರದು, ತಲೆಯನ್ನು ಆಚೆ ಈಚೆ ವಾಲಿಸಿದರೆ ನೀರು ತಾನೇ ಓಡಾಡುತ್ತದೆ. ಸಿರಿಂಜನ್ನು ಹಲ್ಲಿನ ಸಾಲಿನುದ್ದಕ್ಕೆ ಹಿಂದಿನಿಂದ ಮುಂದಕ್ಕೆ ಹಿಡಿದು ಮೆಲ್ಲಗೆ ಒತ್ತಿ, ಹೊಲಿಗೆಗೆ ಗುರಿ ಇಟ್ಟು ಚಿಮ್ಮಿಸಬೇಡಿ. ಕರೆಂಟಿನಲ್ಲಿ ನಡೆಯುವ ವಾಟರ್ ಫ್ಲಾಸರ್ ಸರ್ಜನ್ ಒಪ್ಪುವ ತನಕ ಪೆಟ್ಟಿಗೆಯಲ್ಲೇ ಇರಲಿ.

ಮೌತ್‌ವಾಶ್ ನನಗೆ ಬರೆದುಕೊಟ್ಟಿದ್ದು 0.2 ಶೇಕಡದ ಕ್ಲೋರ್‌ಹೆಕ್ಸಿಡಿನ್, 10 ಎಂಎಲ್, ಒಂದು ನಿಮಿಷ, ಬೆಳಿಗ್ಗೆ ರಾತ್ರಿ. ಪೇಸ್ಟಿನಲ್ಲಿರುವ ನೊರೆಯ ಪದಾರ್ಥ ಇದರ ಶಕ್ತಿ ಕುಗ್ಗಿಸುತ್ತದೆ, ಆದ್ದರಿಂದ ಬ್ರಷ್ ಆಗಿ ಅರ್ಧ ಗಂಟೆ ಬಿಟ್ಟು ಹಾಕಬೇಕು. ಹಾಕಿದ ಮೇಲೆ ಅರ್ಧ ಗಂಟೆ ನೀರೂ ಬೇಡ. ನಮ್ಮ ಊರಿನವರಿಗೆ ಕಷ್ಟ ಬರುವುದು ಇಲ್ಲೇ: ಈ ಮೌತ್‌ವಾಶಿಗೂ ಕಾಫಿಗೂ ಆಗುವುದಿಲ್ಲ. ಎರಡೂ ಸೇರಿದರೆ ಹಲ್ಲು ಕಂದು ಕಟ್ಟುತ್ತದೆ. ಆ ಕಲೆ ಬ್ರಷ್ಷಿಗೆ ಬಗ್ಗುವುದಿಲ್ಲ, ಡೆಂಟಿಸ್ಟ್ ಹತ್ತಿರ ಪಾಲಿಶ್ ಮಾಡಿಸಬೇಕು. ಬೆಲ್ಲದ ಕಾಫಿಯಾದರೆ ಸಿಹಿ ಅಂಟು ಬೇರೆ. ಕಾಫಿ ಬಿಡಲಾಗದಿದ್ದರೆ ಮಧ್ಯಾಹ್ನಕ್ಕೆ ಒಂದೇ ಲೋಟ, ಉಗುರುಬೆಚ್ಚಗೆ, ಆಮೇಲೆ ಉಪ್ಪುನೀರು. ರುಚಿ ಕೆಟ್ಟಂತಾಗುವುದು ಈ ಮೌತ್‌ವಾಶಿನಿಂದಲೇ, ನಿಲ್ಲಿಸಿದ ಮೇಲೆ ಸರಿಹೋಗುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕೇಳದೆ ಮುಂದುವರಿಸಬೇಡಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಶುಚಿಗೆ ತಗಲುವಷ್ಟು ಮಾತ್ರ. ಅಕ್ಕಿ ಗಂಜಿ, ರಾಗಿ ಅಂಬಲಿ, ಮಾಂಸದ ಸಾರು ಯಾವುದೇ ಆಗಲಿ ತೆಳು ಬಟ್ಟೆಯಲ್ಲಿ ಸೋಸಿ. ರಾಗಿ ಕ್ಲಿಪ್ಪಿಗೆ ಗಾರೆ ಮೆತ್ತಿದ ಹಾಗೆ ಹಿಡಿಯುತ್ತದೆ, ಕುಡಿದ ಕೂಡಲೇ ತೊಳೆಯಬೇಕು. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ), ಕಿತ್ತಳೆ, ಗಾಂಧಾರಿ ಮೆಣಸು ಹೊಲಿಗೆ ಕರಗುವ ತನಕ ದೂರ, ಅಂದರೆ ಸುಮಾರು ಎರಡರಿಂದ ನಾಲ್ಕು ವಾರ. ಸ್ಟ್ರಾ ಬೇಡ, ಹೀರುವ ಎಳೆತ ಗಾಯಕ್ಕೆ ಒಳ್ಳೆಯದಲ್ಲ. ಅಗಿಯದೆ ನುಂಗುವ ನೂಪುಟ್ಟು (ಅಕ್ಕಿ ಶಾವಿಗೆ), ಹಾಲಿನ ದಿನಗಳು ಆಮೇಲೆ ಬರುತ್ತವೆ. ಅವು ಬಂದಾಗ ಒಂದೊಂದು ಎಳೆಯೂ ತಂತಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಮೇಲ್ದವಡೆ ಮುಟ್ಟಿದ್ದರೆ ಮೂಗು ಕಟ್ಟಿರುತ್ತದೆ, ಹಳೆಯ ರಕ್ತ ಇಳಿಯುತ್ತದೆ. ಸೀಟಬಾರದು. ಸೀನು ಬಂದರೆ ಬಾಯಿ ಬಿಟ್ಟು ಸೀನಿ. ಸಲೈನ್ ಹನಿ ಹಾಕಿ ಒರೆಸಿಕೊಂಡರೆ ಸಾಕು. ಸೌದೆ ಒಲೆಯ ಹೊಗೆಯಿಂದ ದೂರ ಇರಿ.

ಮೈಸೂರಲ್ಲೋ ಮಂಗಳೂರಲ್ಲೋ ಆಪರೇಷನ್ ಮಾಡಿಸಿಕೊಂಡು ಮನೆಗೆ ಮರಳುವವರು ತಿರುವುಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳಿ. ಮಂಗಳೂರು ದಾರಿಯ ಸಂಪಾಜೆ ಘಾಟಿಯಲ್ಲಿ ಗಟ್ಟಿಮುಟ್ಟಾದವರಿಗೇ ಹೊಟ್ಟೆ ತೊಳಸುತ್ತದೆ. ಮುಂದಿನ ಸೀಟು, ವಾಂತಿ ತಡೆಯುವ ಮಾತ್ರೆ ಡಾಕ್ಟರನ್ನು ಕೇಳಿ ಮೊದಲೇ. ವಾಂತಿ ಬಂದೇಬಿಟ್ಟರೆ ಹಿಂದಕ್ಕೆ ಒರಗದೆ ಮುಂದಕ್ಕೆ ಬಗ್ಗಿ. ದ್ರವ ಆಹಾರವಾದ್ದರಿಂದ ಹಲ್ಲಿನ ಸಂದಿಯಿಂದಲೇ ಹೊರಬರುತ್ತದೆ. ರಬ್ಬರ್ ಇದ್ದವರ ಜೇಬಿನಲ್ಲಿ ಚಿಕ್ಕ ಕತ್ತರಿ, ರಬ್ಬರ್ ಬದಲು ದವಡೆಗೆ ತಂತಿ ಕಟ್ಟಿದವರ ಹತ್ತಿರ ತಂತಿ ಕತ್ತರಿಸುವ ಕಟ್ಟರ್ ಇರಲೇಬೇಕು. ಯಾವುದನ್ನು ಕತ್ತರಿಸಬೇಕು ಎಂದು ಜೊತೆಯಲ್ಲಿ ಬರುವವರಿಗೆ ಆಸ್ಪತ್ರೆಯಲ್ಲೇ ತೋರಿಸಿಕೊಡಲು ಹೇಳಿ.

ಇಳಿಯುತ್ತಿದ್ದ ಊತ ಐದಾರು ದಿನದ ನಂತರ ಮತ್ತೆ ಏರಿದರೆ, ಒಂದೇ ಕಡೆ ಕೆಂಪಗೆ ಬಿಸಿಯಾದರೆ, ಬಾಯಲ್ಲಿ ಉಪ್ಪುಪ್ಪು ಕೆಟ್ಟ ರುಚಿ ಬಂದರೆ, 101 ಡಿಗ್ರಿ ದಾಟಿದ ಜ್ವರ ಬಂದರೆ, ಹಲ್ಲು ಕೂಡುವ ರೀತಿ ದಿಢೀರ್ ಬದಲಾದರೆ ಸರ್ಜನ್ನಿಗೆ ಫೋನ್ ಮಾಡಿ. ಉಸಿರಾಟಕ್ಕೆ ತೊಂದರೆ, ನುಂಗಲಾಗದಿರುವುದು, ನಿಲ್ಲದ ರಕ್ತ ಇದ್ದರೆ ಫೋನಿಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಹೊರಡಿ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇದೆ, ವಿರಾಜಪೇಟೆ ಹತ್ತಿರ ಮಗ್ಗುಲದಲ್ಲಿ ಡೆಂಟಲ್ ಕಾಲೇಜು ಇದೆ. ಮಳೆಗಾಲದಲ್ಲಿ ಸಂಜೆ ನಾಲ್ಕಕ್ಕೆ ಸಣ್ಣ ಅನುಮಾನ ಬಂದರೂ ರಾತ್ರಿ ನೋಡೋಣ ಎಂದು ಕೂರಬೇಡಿ. ಕತ್ತಲಾದ ಮೇಲೆ ಯಾವ ತಿರುವಿನಲ್ಲಿ ಮರ ಬಿದ್ದಿರುತ್ತದೋ ಹೇಳಲಾಗದು.