ದತ್ತು ತಂದ ನಾಯಿ ರಾತ್ರಿ ಕ್ರೇಟ್‌ನಲ್ಲಿ ಮಲಗಬೇಕೆಂದರೆ

ಹೆಚ್ಚಿನವರು ಎಡವುವುದು ಒಂದೇ ಕಡೆ. ನಾಯಿ ಮನೆಗೆ ಬಂದ ದಿನವೇ, ರಾತ್ರಿ ಮಲಗುವ ಹೊತ್ತಿಗೆ, ಅದನ್ನು ಕ್ರೇಟ್‌ನೊಳಗೆ, ಅಂದರೆ ನಾಯಿ ಮಲಗಲು ಇಡುವ ಬಾಗಿಲಿರುವ ಗೂಡಿನೊಳಗೆ, ತಳ್ಳಿ ಚಿಲಕ ಹಾಕಿ ದೀಪ ಆರಿಸುತ್ತಾರೆ. ಬೋನಿಟ್ಟು ಹಿಡಿದ ನಾಯಿಯಾಗಿದ್ದರೆ ಕಬ್ಬಿಣದ ಬಾಗಿಲು ಬಡಿದ ಸದ್ದೇ ಅದಕ್ಕೆ ಸಾಕು, ರಾತ್ರಿಯಿಡೀ ಯಾರಿಗೂ ನಿದ್ದೆಯಿಲ್ಲ. ಹಾಗಾಗಿ ತರುವ ಮುಂಚೆಯೇ ಸಾಕುತ್ತಿದ್ದವರನ್ನು ಕೇಳಿ: ಇಲ್ಲಿಯವರೆಗೆ ಎಲ್ಲಿ ಮಲಗುತ್ತಿತ್ತು? ಕ್ರೇಟ್ ನೋಡಿದೆಯೇ? ಏನು ತಿನ್ನುತ್ತಿತ್ತು? ಅದು ಮಲಗುತ್ತಿದ್ದ ಹಳೇ ಬಟ್ಟೆಯೊಂದು ಸಿಕ್ಕರೆ ತೊಳೆಯದೆ ತನ್ನಿ. ಪರಿಚಿತ ವಾಸನೆ ಹೊಸ ಹಾಸಿಗೆಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಅಳತೆ ಹೀಗೆ. ನಾಯಿ ನಿಂತಿರುವಾಗ ಮೂಗಿನ ತುದಿಯಿಂದ ಬಾಲದ ಬುಡದವರೆಗೆ ಅಳೆದು 10 ಸೆಂ.ಮೀ. ಸೇರಿಸಿದರೆ ಉದ್ದ. ಕೂತಾಗ ನೆತ್ತಿಯವರೆಗೆ, ಕಿವಿ ನಿಮಿರಿದ್ದರೆ ಕಿವಿಯ ತುದಿಯವರೆಗೆ ಅಳೆದು ಅಷ್ಟೇ ಸೇರಿಸಿದರೆ ಎತ್ತರ. ತಲೆ ತಗ್ಗಿಸದೆ ನಿಲ್ಲಬೇಕು, ಸಲೀಸಾಗಿ ತಿರುಗಬೇಕು, ಕಾಲು ಚಾಚಿ ಮಗ್ಗುಲಾಗಬೇಕು. ಇನ್ನೂ ಬೆಳೆಯುವ ಮರಿಗೆ ದೊಡ್ಡ ಕ್ರೇಟ್ ಕೊಳ್ಳುವುದಾದರೆ ನಡುವೆ ಅಡ್ಡ ತಡೆ ಇರಲಿ. ಜಾಗ ಹೆಚ್ಚಾದರೆ ಮರಿ ಒಂದು ಮೂಲೆಯಲ್ಲಿ ಉಚ್ಚೆ ಮಾಡಿ ಇನ್ನೊಂದರಲ್ಲಿ ಮಲಗುವುದನ್ನು ಕಲಿಯುತ್ತದೆ.

ಕ್ರೇಟ್ ಇಡಬೇಕಾದ್ದು ನಿಮ್ಮ ಮಂಚದ ಪಕ್ಕ, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಹಾಲ್‌ನ ಮೂಲೆ ಆಮೇಲೆ ನೋಡೋಣ. ತಂತಿಯ ಕ್ರೇಟ್ ಆದರೆ ಅಡಿಗೆ ರಬ್ಬರ್ ಚಾಪೆ ಹಾಕಿ, ಒಳಗೆ ತಳಕ್ಕಿರುವ ತಟ್ಟೆಯ (ಟ್ರೇ) ಕೆಳಗೊಂದು ಟವೆಲ್ ಮಡಚಿಡಿ. ನಾಯಿ ಮಗ್ಗುಲು ಬದಲಿಸಿದಾಗಲೆಲ್ಲ ತಟ್ಟೆ ಗಡಗಡ ಎನ್ನುತ್ತದೆ, ಅಂಜುಬುರುಕ ನಾಯಿ ತನ್ನದೇ ಸದ್ದಿಗೆ ಬೆಚ್ಚಿ ಏಳುತ್ತದೆ. ಮೇಲೆ ಮತ್ತು ಮೂರು ಬದಿಗೆ ತೆಳು ಬಟ್ಟೆ ಹೊದಿಸಿ, ಮುಂಭಾಗ ಗಾಳಿಗೆ ತೆರೆದಿರಲಿ. ಸೆಖೆಯಿದ್ದರೆ ಬಟ್ಟೆಯೇ ಬೇಡ. ಕೊರಳ ಬೆಲ್ಟನ್ನು ಮಾತ್ರ ಪ್ರತಿ ಸಲವೂ ಬಿಚ್ಚಿಡಿ. ಅದು ತಂತಿಗೆ ಸಿಕ್ಕಿಕೊಂಡರೆ ಉಸಿರುಗಟ್ಟುತ್ತದೆ.

ಇನ್ನು ಹಗಲಿನ ಕೆಲಸ. ಬಾಗಿಲು ತಾನಾಗಿ ಬಂದು ಬಡಿಯದಂತೆ ದಾರದಿಂದ ಹಿಂದಕ್ಕೆ ಕಟ್ಟಿ. ರುಚಿಯಾದ ತಿನಿಸಿನ ಚೂರುಗಳನ್ನು ಮೊದಲು ಹೊಸ್ತಿಲಲ್ಲಿ, ಆಮೇಲೆ ನಡುವೆ, ಕೊನೆಗೆ ಹಿಂಭಾಗದಲ್ಲಿ ಹಾಕಿ. ನಾಯಿ ಕತ್ತು ಮಾತ್ರ ಚಾಚಿ, ಹಿಂಗಾಲು ಹೊರಗೇ ಊರಿಕೊಂಡು ಎತ್ತಿಕೊಂಡರೆ ಇನ್ನೂ ನಂಬಿಕೆ ಬಂದಿಲ್ಲವೆಂದು ಅರ್ಥ. ಆ ಹಂತದಲ್ಲೇ ನಿಲ್ಲಿ, ಹಿಂದಿನಿಂದ ತಳ್ಳಬೇಡಿ. ಊಟದ ಬಟ್ಟಲನ್ನೂ ಹೀಗೆಯೇ ಕ್ರೇಟಿನ ಬಾಯಿಂದ ಒಳಕ್ಕೆ ಸರಿಸುತ್ತಾ ಹೋಗಿ. ನಾಲ್ಕೂ ಕಾಲು ಒಳಗಿಟ್ಟು ನಿರಾಳವಾಗಿ ತಿನ್ನತೊಡಗಿದ ಮೇಲೆ ಬಾಗಿಲು ಮುಚ್ಚಿ, ಬಟ್ಟಲು ಖಾಲಿಯಾಗುವ ಮುನ್ನವೇ ತೆರೆಯಿರಿ. ಮುಚ್ಚಿಡುವ ಹೊತ್ತು ಹೀಗೆ ಏರಲಿ: 5 ಸೆಕೆಂಡ್, 10, 30, ಒಂದು ನಿಮಿಷ, ಐದು ನಿಮಿಷ. ಚಿಲಕದ ಸದ್ದನ್ನು ಬೇರೆಯಾಗಿಯೇ ಅಭ್ಯಾಸ ಮಾಡಿಸಿ: ನಾಯಿ ಹೊರಗಿರುವಾಗ ಟಕ್ ಎನ್ನಿಸಿ, ಒಂದು ಚೂರು ಕೊಡಿ. ಕೆಲವು ನಾಯಿಗಳಿಗೆ ಇದೆಲ್ಲ ಎರಡೇ ದಿನದ ಕೆಲಸ, ಕೆಲವಕ್ಕೆ ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ರಾತ್ರಿ ಕ್ರೇಟ್ ಬಾಗಿಲು ತೆರೆದೇ ಇರಲಿ, ಮಲಗುವ ಕೋಣೆಯ ಬಾಗಿಲು ಹಾಕಿದರಾಯಿತು. ನೆಲದ ಮೇಲಿನ ವೈರು, ಚಪ್ಪಲಿ, ಔಷಧಿಗಳನ್ನು ಎತ್ತಿಡಿ.

ರಾತ್ರಿಯೂಟ ಮಲಗುವುದಕ್ಕೆ 3-4 ಗಂಟೆ ಮೊದಲೇ ಮುಗಿಯಲಿ. ಆಮೇಲೆ ಚೆಂಡಾಟ, ಎಳೆದಾಟ ಬೇಡ. ನಿಧಾನದ ನಡಿಗೆ ಸಾಕು. ಮರಿಯಾದರೆ ಮಲಗುವ ಒಂದು ಗಂಟೆ ಮೊದಲು ನೀರಿನ ಬಟ್ಟಲು ಎತ್ತಿಡಬಹುದು. ದೊಡ್ಡ ನಾಯಿಗೆ, ಸೆಖೆಯ ರಾತ್ರಿಯಲ್ಲಿ ಯಾವ ನಾಯಿಗೂ, ನೀರು ತಪ್ಪಿಸಬಾರದು. ಮಲಗುವ ಮುಂಚೆ ಕೊನೆಯದಾಗಿ ಹೊರಗೆ ಕರೆದೊಯ್ದು, ಉಚ್ಚೆ ಮಾಡುವವರೆಗೆ ಕಾಯಿರಿ. ಒಳಗೆ ಬಂದ ಮೇಲೆ ನೆಕ್ಕುವಂಥದ್ದೇನಾದರೂ ಕೊಡಿ, ರಬ್ಬರ್ ಆಟಿಕೆಯೊಳಗೆ ತುಂಬಿದ ಮೆದು ಆಹಾರದಂಥದ್ದು. ನೆಕ್ಕುವುದು ನಾಯಿಯನ್ನು ತಣ್ಣಗಾಗಿಸುತ್ತದೆ. ಬಟ್ಟೆ ಹರಿದು ನುಂಗುವ ನಾಯಿಯಾದರೆ ಹಾಸಿಗೆ ತೆಗೆದು ಬರೀ ಚಾಪೆ ಬಿಡಿ.

ಮರಿ ಎಷ್ಟು ಹೊತ್ತು ತಡೆದುಕೊಳ್ಳುತ್ತದೆಂಬುದಕ್ಕೆ ಸ್ಥೂಲ ಲೆಕ್ಕವಿದೆ: ವಯಸ್ಸಿನ ತಿಂಗಳಿಗೆ ಒಂದು ಸೇರಿಸಿದಷ್ಟು ಗಂಟೆ. ಮೂರು ತಿಂಗಳ ಮರಿಗೆ ಹೆಚ್ಚೆಂದರೆ ನಾಲ್ಕು. ಹೊಸದಾಗಿ ಬಂದ ದೊಡ್ಡ ನಾಯಿಗೂ ಆತಂಕ ಮತ್ತು ಆಹಾರದ ಬದಲಾವಣೆಯಿಂದ ಹೊಟ್ಟೆ ಕೆಡುವುದು ಸಾಮಾನ್ಯ, ಆದ್ದರಿಂದ ಮೊದಲ ಕೆಲವು ರಾತ್ರಿ ನಡುವೆ ಒಮ್ಮೆ ಅಲಾರಾಂ ಇಟ್ಟು ಎದ್ದುಬಿಡಿ. ಹೊರಗೆ ಐದು ನಿಮಿಷ, ಹಗ್ಗ ಹಿಡಿದುಕೊಂಡೇ, ಮಂದ ಬೆಳಕಿನಲ್ಲಿ, ಮುದ್ದು ಮಾತಿಲ್ಲದೆ. ಮುಗಿದ ಕೂಡಲೇ ವಾಪಸ್ ಕ್ರೇಟಿಗೆ.

ಅಳುವಿನಲ್ಲಿ ಎರಡು ಬಗೆ, ಇದನ್ನು ಗುರುತಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ. ಮೊದಲನೆಯದು ಕುಂಯ್‌ಗುಡುವುದು. ನಡುನಡುವೆ ನಿಲ್ಲುತ್ತದೆ, ಆ ಬಿಡುವು ಉದ್ದವಾಗುತ್ತಾ ಹೋಗುತ್ತದೆ, ಕೊನೆಗೆ ಒಂದು ನಿಟ್ಟುಸಿರು. ಇದಕ್ಕೆ ಕತ್ತಲಲ್ಲೇ ಕೈ ಇಳಿಬಿಟ್ಟು ತಂತಿಯ ಬಳಿ ಬೆರಳಿಟ್ಟರೆ ಸಾಕು. ಸಮಾಧಾನ ಮಾಡಿದರೆ ನಾಯಿ ಕೆಡುತ್ತದೆ ಎನ್ನುವ ಮಾತಿಗೆ ಅರ್ಥವಿಲ್ಲ. ಎರಡನೆಯದು ದಿಗಿಲು. ಏದುಸಿರು, ಎದೆ ಒದ್ದೆಯಾಗುವಷ್ಟು ಜೊಲ್ಲು, ತಂತಿ ಕಚ್ಚುವುದು, ತಟ್ಟೆ ಕೆರೆಯುವುದು, ಕಣ್ಣು ಅಗಲಿಸಿ ತಿನಿಸನ್ನೂ ಮೂಸದಿರುವುದು. ಆಗ ಬಾಗಿಲು ತಕ್ಷಣ ತೆರೆಯಿರಿ. ‘ಅತ್ತು ಅತ್ತು ಸುಮ್ಮನಾಗುತ್ತೆ ಬಿಡಿ’ ಎನ್ನುವವರು ಎಲ್ಲ ಕಡೆಯೂ ಇದ್ದಾರೆ. ಸುಮ್ಮನಾಗುವುದು ನಿಜ, ಆದರೆ ದಣಿದು. ಅಷ್ಟರಲ್ಲಿ ಹಲ್ಲು ಮುರಿದುಕೊಳ್ಳಬಹುದು, ಉಗುರು ಕಿತ್ತುಬರಬಹುದು, ಮರುದಿನ ಕ್ರೇಟ್ ಹತ್ತಿರವೂ ಸುಳಿಯದಿರಬಹುದು. ನಿಧಾನವಾಗಿ ಕಲಿಸಿದ ಮೇಲೂ ದಿಗಿಲು ಮರುಕಳಿಸಿದರೆ ಕ್ರೇಟ್ ಆಸೆ ಬಿಟ್ಟು, ಬಾಗಿಲಿಗೆ ಅಡ್ಡಗೇಟು ಹಾಕಿ ನೆಲದ ಮೇಲೆ ಹಾಸಿಗೆ ಕೊಡಿ. ಪಶುವೈದ್ಯರನ್ನೂ ಕಾಣಿ, ಇಂಥ ಆತಂಕಕ್ಕೆ ಚಿಕಿತ್ಸೆಯಿದೆ.

ದಿನವೂ ಹಾಸಿಗೆ ಒದ್ದೆಯಾಗುತ್ತಿದ್ದರೆ ಗದರಬೇಡಿ. ಮೂತ್ರದ ಸೋಂಕಿರಬಹುದು, ಪರೀಕ್ಷೆ ಮಾಡಿಸಿ. ಇಕ್ಕಟ್ಟಾದ ಬೋನಿನಲ್ಲಿ ಬಹುಕಾಲ ಕಳೆದ ನಾಯಿಗೆ ಮಲಗಿದಲ್ಲೇ ಗಲೀಜು ಮಾಡುವುದು ರೂಢಿಯಾಗಿರಲೂಬಹುದು. ಅದಕ್ಕೆ ನಡುರಾತ್ರಿ ಎಬ್ಬಿಸುವುದೇ ಮದ್ದು. ಒರೆಸಲು ಎಂಜೈಮ್ ಇರುವ ಕ್ಲೀನರ್ ಬಳಸಿ. ಅಮೋನಿಯಾ ಇರುವುದು ಬೇಡ, ಅದರ ವಾಸನೆ ನಾಯಿಗೆ ಉಚ್ಚೆಯಂತೆಯೇ ಇರುತ್ತದೆ.

ವಾರವಿಡೀ ನೆಮ್ಮದಿಯಾಗಿ ಮಲಗಿದ ಮೇಲೆ ಬೇಕಿದ್ದರೆ ಕ್ರೇಟನ್ನು ಎರಡು ರಾತ್ರಿಗೊಮ್ಮೆ ಸುಮಾರು ಒಂದು ಮೀಟರ್ ದೂರ ಸರಿಸುತ್ತಾ ಹೋಗಿ. ಕುಂಯ್‌ಗುಟ್ಟುವಿಕೆ ಮತ್ತೆ ಶುರುವಾದರೆ ಹಿಂದಿನ ಜಾಗಕ್ಕೇ ತಂದು ಇನ್ನೆರಡು ರಾತ್ರಿ ಅಲ್ಲೇ ಬಿಡಿ.