ಶೆಡ್ಡಿನೊಳಗೆ ಮೊಣಕಾಲೂರಿ ಮೂಸಿ ನೋಡಿ: ಚಳಿಗಾಲದ ಕೋಳಿ, ಆಡು ಸಾಕಣೆಯಲ್ಲಿ ನನ್ನ ಅನುಭವ

ನಮ್ಮೂರು ಮುಂಡರಗಿ ತಾಲೂಕಿನಲ್ಲಿ, ಡಂಬಳದ ಹತ್ತಿರ. ಹಿತ್ತಲಲ್ಲಿ ನಿಂತರೆ ಕಪ್ಪತಗುಡ್ಡ ಕಾಣುತ್ತದೆ. ದೀಪಾವಳಿ ದಾಟಿತು ಅಂದರೆ ಮೂಡಗಾಳಿ ಶುರು. ಹಗಲೆಲ್ಲ ಬಿಸಿಲು ಚುರುಗುಟ್ಟುತ್ತದೆ, ರಾತ್ರಿ ಎರಡು ಕೌದಿ ಹೊದ್ದರೂ ಸಾಲುವುದಿಲ್ಲ. ಡಿಸೆಂಬರಿನಲ್ಲಿ ಕೆಲವು ದಿನ ನಸುಕಿಗೆ 13-14 ಡಿಗ್ರಿಗೆ ಇಳಿಯುತ್ತದೆ. ಕಾಶ್ಮೀರದ ಚಳಿ ಏನಲ್ಲ. ಆದರೂ ನಮ್ಮ ಕಡೆ ಹಿತ್ತಲ ಕೋಳಿ, ಆಡಿನ ಮರಿ ಜಾಸ್ತಿ ಸಾಯುವುದು ಈ ಮೂರು ತಿಂಗಳಲ್ಲೇ. ಯಾಕೆ ಅಂತ ನನಗೆ ಗೊತ್ತಾಗಿದ್ದು 2021ರಲ್ಲಿ, ಮೂವತ್ತೇಳು ಕೋಳಿಮರಿ ಕಳೆದುಕೊಂಡ ಮೇಲೆ.

ಅದಕ್ಕೂ ಮುಂಚೆ ನಮ್ಮ ಮನೆಯಲ್ಲಿ ಜವಾರಿ ಕೋಳಿ ಇದ್ದವು, ಇಪ್ಪತ್ತು ಇಪ್ಪತ್ತೈದು. ಅವುಗಳ ಉಸಾಬರಿ ಯಾರೂ ಮಾಡಿದ್ದಿಲ್ಲ. ಬುಟ್ಟಿಯಲ್ಲಿ ಮುಚ್ಚಿಟ್ಟರೆ ಆಯಿತು. ಸಂಘದಲ್ಲಿ ಸಾಲ ಸಿಕ್ಕಿತು ಅಂತ ಆ ವರ್ಷ ಮೊದಲ ಸಲ ಗಿರಿರಾಜ ತಳಿಯ ನೂರು ಮರಿ ತಂದೆವು, ಒಂದು ದಿನದವು. ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಹಿತ್ತಲ ಸಾಕಣೆಗೆ ಅಂತಲೇ ಬೆಳೆಸಿದ ತಳಿ ಅದು. ಮೈ ದೊಡ್ಡದು, ತತ್ತಿಯೂ ಜವಾರಿಗಿಂತ ಜಾಸ್ತಿ. ಆದರೆ ಮರಿ ಜೊತೆ ತಾಯಿ ಬರುವುದಿಲ್ಲ ಅಲ್ವಾ? ಕಾವು ನಾವೇ ಕೊಡಬೇಕು. ಅಲ್ಲೇ ನಾನು ಮೊದಲು ಎಡವಿದ್ದು.

ಶೆಡ್ಡಿನ ಮೂಲೆಯಲ್ಲಿ ತಗಡು ಸುತ್ತಿ, ಒಳಗೆ ಎರಡು ಎಲ್ಇಡಿ ಬಲ್ಬು ಹಾಕಿದೆವು. ಬೆಳಕು ಏನೋ ಝಗಮಗ. ರಾತ್ರಿ ಹತ್ತಕ್ಕೆ ಹೋಗಿ ನೋಡಿದರೆ ನೂರು ಮರಿಯೂ ಒಂದರ ಮೇಲೊಂದು ಗುಡ್ಡೆ ಬಿದ್ದಿವೆ. ಕೆಳಗಿನ ನಾಲ್ಕು ಉಸಿರು ಕಟ್ಟಿ ಸತ್ತಿದ್ದವು. ಎಲ್ಇಡಿಯಲ್ಲಿ ಬೆಳಕು ಇರುತ್ತದೆ, ಮರಿಗೆ ಬೇಕಾದ ಕಾವು ಇರುವುದಿಲ್ಲ. ಮರುದಿನ ನಮ್ಮವರು ಗದಗಿನ ಪೇಟೆ ಎಲ್ಲ ತಿರುಗಿ, ಹಳೇ ಕಾಲದ ತಂತಿ ಬಲ್ಬು ಹುಡುಕಿ ತಂದರು, 60 ವ್ಯಾಟಿನವು ನಾಲ್ಕು. ಈಗಂತೂ ಅವು ಸಿಗುವುದೇ ಕಷ್ಟ. ಕಂಡಾಗ ನಾಲ್ಕು ಜಾಸ್ತಿಯೇ ತಂದಿಡಿ.

ಮೊದಲ ವಾರ ಮರಿ ಇರುವ ಜಾಗದಲ್ಲಿ 35 ಡಿಗ್ರಿ ಕಾವು ಬೇಕು. ಆಮೇಲೆ ವಾರಕ್ಕೆ ಸುಮಾರು ಮೂರು ಡಿಗ್ರಿಯಂತೆ ಇಳಿಸಬೇಕು, ಅಂದರೆ ಬಲ್ಬನ್ನು ಮೇಲೆ ಏರಿಸುತ್ತ ಹೋಗಬೇಕು. ನನ್ನ ಹತ್ತಿರ ಥರ್ಮಾಮೀಟರ್ ಇದೆ, ಆದರೂ ಮರಿಗಳನ್ನೇ ನೋಡುತ್ತೇನೆ. ಬಲ್ಬಿನ ಕೆಳಗೇ ಗುಂಪು ಕಟ್ಟಿ ಚೀರುತ್ತಿದ್ದರೆ ಥಂಡಿ. ದೂರ ಓಡಿ ಬಾಯಿ ತೆರೆದು ಕೂತರೆ ಸೆಕೆ. ಒಂದೇ ಬದಿಗೆ ಒತ್ತಿಕೊಂಡಿದ್ದರೆ ಇನ್ನೊಂದು ಬದಿಯಿಂದ ಗಾಳಿ ನುಗ್ಗುತ್ತಿದೆ. ಹರಡಿಕೊಂಡು, ಕಾಲು ಚಾಚಿ ಮಲಗಿವೆ ಅಂದರೆ ನೀವೂ ಹೋಗಿ ಮಲಗಬಹುದು. ತಗಡನ್ನು ಗುಂಡಗೆ ಸುತ್ತಿ. ಮೂಲೆ ಇದ್ದರೆ ಅಲ್ಲೇ ಗುಡ್ಡೆ ಬೀಳುತ್ತವೆ.

ಕರೆಂಟು ಹೋಗುವುದು ಸರಿಯಾಗಿ ನಸುಕಿನಲ್ಲಿ. ಅದಕ್ಕೆ ಐದು ಲೀಟರಿನ ಕ್ಯಾನಿನಲ್ಲಿ ಬಿಸಿ ನೀರು ತುಂಬಿ, ಗೋಣಿ ತಟ್ಟಿನಲ್ಲಿ ಸುತ್ತಿ ನಡುವೆ ಇಡುತ್ತೇನೆ. ಮರಿಗಳು ಅದಕ್ಕೆ ಒರಗಿ ಮಲಗುತ್ತವೆ, ತಾಯಿಯ ಹೊಟ್ಟೆಗೆ ಒರಗಿದ ಹಾಗೆ. ಮಡಿಕೆಯಲ್ಲಿ ಕೆಂಡ ಇಡುವವರೂ ಇದ್ದಾರೆ. ಮುಚ್ಚಿದ ಶೆಡ್ಡಿನಲ್ಲಿ ಅದರ ವಿಷಗಾಳಿ ಮರಿಯನ್ನೂ ಬಿಡುವುದಿಲ್ಲ, ಮನುಷ್ಯರನ್ನೂ ಬಿಡುವುದಿಲ್ಲ. ನಾನು ಆ ದಾರಿಗೆ ಹೋಗುವುದಿಲ್ಲ.

ಇಷ್ಟು ಸರಿಹೋಯಿತು ಅನ್ನುವಷ್ಟರಲ್ಲಿ ದೊಡ್ಡ ಪೆಟ್ಟು ಬಿತ್ತು. ಆ ವರ್ಷ ನವೆಂಬರ್ ಪೂರ್ತಿ ಅಕಾಲ ಮಳೆ, ನೆನಪಿರಬಹುದು. ಗೋವಿನಜೋಳ ಕಣದಲ್ಲೇ ಮೊಳಕೆ ಒಡೆಯಿತು. ಮಳೆ ನಿಂತ ಮೇಲೆ ಚಳಿ ಒಮ್ಮೆಲೇ ಬಿತ್ತು. ಮರಿಗಳಿಗೆ ಆಗ ಹದಿನೆಂಟು ದಿನ. ಥಂಡಿ ಹತ್ತಬಾರದು ಅಂತ ನಾನು ಶೆಡ್ಡಿನ ನಾಲ್ಕೂ ಬದಿಗೆ ತಾಡಪತ್ರಿ ಕಟ್ಟಿದೆ. ಒಂದು ಸಂದಿಯೂ ಬಿಡಲಿಲ್ಲ. ಬಹಳ ಜೋಪಾನ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಾಲ್ಕನೇ ದಿನದಿಂದ ಮರಿಗಳ ಕಣ್ಣಲ್ಲಿ ನೀರು. ಆಮೇಲೆ ಗೊರಗೊರ ಸದ್ದು, ಕತ್ತು ಚಾಚಿ ಬಾಯಲ್ಲಿ ಉಸಿರಾಟ. ದಿನಕ್ಕೆ ಮೂರು, ನಾಲ್ಕು, ಐದು. ಹತ್ತು ದಿನದಲ್ಲಿ ಮೂವತ್ಮೂರು ಹೋದವು.

ಪಶು ಆಸ್ಪತ್ರೆಯ ಡಾಕ್ಟರು ಮನೆಗೇ ಬಂದರು. ಒಳಗೆ ಕಾಲಿಟ್ಟವರೇ ಕೇಳಿದರು, "ಅಕ್ಕಾರ, ವಾಸನಿ ಬರತೈತೇನು?" ನಾನು ಇಲ್ಲ ಅಂದೆ. "ನಿಂತು ನೋಡಿದ್ರ ಗೊತ್ತಾಗೂದಿಲ್ರಿ. ಮೊಣಕಾಲೂರಿ, ಮರಿ ಎತ್ತರಕ್ಕ ಮೂಗು ಇಟ್ಟು ನೋಡ್ರಿ." ಸೀರೆ ಸಿಕ್ಕಿಸಿ ಕೂತು, ನೆಲಕ್ಕೆ ಬಾಗಿ ಉಸಿರು ಎಳೆದೆ. ಘಾಟು ನೆತ್ತಿಗೇರಿತು. ಕಣ್ಣಲ್ಲಿ ನೀರು ಬಂತು. ಅದೇ ಗಾಳಿಯನ್ನು ಆ ಕೂಸುಗಳು ಹತ್ತು ದಿನದಿಂದ ಹಗಲೂ ರಾತ್ರಿ ಉಸಿರಾಡಿದ್ದವು.

ಅದು ಅಮೋನಿಯಾ. ಹಿಕ್ಕೆ ಹಸಿಯಾಗಿ ಕೊಳೆತಾಗ ಹುಟ್ಟುತ್ತದೆ. ಮೂಗು, ಶ್ವಾಸನಾಳ ಕೆರೆದು ಹುಣ್ಣು ಮಾಡುತ್ತದೆ. ಅಲ್ಲಿಂದ ಉಸಿರಾಟದ ರೋಗ ಸುಲಭವಾಗಿ ಒಳಗೆ ಹೊಗುತ್ತದೆ. ತಾಡಪತ್ರಿ ಚಳಿಯನ್ನು ತಡೆದಿತ್ತು ನಿಜ, ಆದರೆ ಹಸಿಯನ್ನೂ ಘಾಟನ್ನೂ ಒಳಗೇ ಹಿಡಿದಿಟ್ಟಿತ್ತು. ಮುಂಜಾನೆ ಸೂರಿನ ಪತ್ರಾಸಿನ (ತಗಡಿನ) ಒಳಮೈಯಿಂದ ನೀರು ತೊಟ್ಟಿಕ್ಕುತ್ತಿದ್ದದ್ದನ್ನು ನಾನು ದಿನಾ ನೋಡಿದ್ದೆ. ಇಬ್ಬನಿ ಅಂದುಕೊಂಡಿದ್ದೆ. ಅದು ಮರಿಗಳದೇ ಉಸಿರಿನ ನೀರು.

ಈಗ ನಾನು ಮಾಡುವುದು ಹೀಗೆ. ನಮ್ಮ ಕಡೆ ಚಳಿಗಾಲದ ಗಾಳಿ ಮೂಡಣದಿಂದ. ಅದಕ್ಕೆ ಮೂಡಣ ಬದಿಗೆ ಮಾತ್ರ ಗೋಣಿ ತಟ್ಟು ಹೊಲಿದು ಕಟ್ಟುತ್ತೇನೆ, ಅದೂ ನೆಲದಿಂದ ಮೇಲಕ್ಕೆ. ಸೂರಿನ ಕೆಳಗೆ ಒಂದು ಅಡಿ ತೆರೆದೇ ಇರುತ್ತದೆ. ಕೋಳಿ ಮೈಗೆ ಗಾಳಿ ಬಡಿಯುವುದಿಲ್ಲ, ಬಿಸಿಯಾದ ಹಸಿಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ಕಿಗಿಂತ ಗೋಣಿ ಯಾಕೆ ಅಂದರೆ ಗೋಣಿ ಉಸಿರಾಡುತ್ತದೆ. ಪಡುವಣ ಬದಿಗೆ ಬರೀ ಜಾಳಿಗೆ. ಬಿಸಿಲು ಬಂದ ಕೂಡಲೇ ತಟ್ಟು ಸುತ್ತಿ ಮೇಲೆ ಕಟ್ಟುತ್ತೇನೆ, ಸಂಜೆ ಐದೂವರೆಗೆ ಇಳಿಸುತ್ತೇನೆ.

ನೆಲಕ್ಕೆ ಶೇಂಗಾ ಸಿಪ್ಪೆ. ನಮ್ಮಲ್ಲಿ ಅದಕ್ಕೆ ಬರವಿಲ್ಲ. ಕಲಘಟಗಿ, ಹಾನಗಲ್ಲ ಕಡೆಯವರು ಭತ್ತದ ಹೊಟ್ಟು ಹಾಕಬಹುದು. ಬೇರೆ ಕಾಲದಲ್ಲಿ ಎರಡು ಬೆರಳು ದಪ್ಪ ಸಾಕು, ಚಳಿಗಾಲದಲ್ಲಿ ನಾಲ್ಕು ಬೆರಳು. ದಿನಾ ಮುಂಜಾನೆ ಕಸ ತೆಗೆಯುವ ಕುರ್ಚಿಗಿಯಿಂದ ಪೂರ್ತಿ ಕೆದಕುತ್ತೇನೆ. ಆಮೇಲೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡುತ್ತೇನೆ. ಕೈ ಬಿಟ್ಟಾಗ ಉದುರಿದರೆ ಸರಿ. ಉಂಡೆ ಕಟ್ಟಿ ನಿಂತರೆ ಹಸಿ ಹೆಚ್ಚಾಗಿದೆ, ಅಷ್ಟನ್ನು ತೆಗೆದು ಹೊಸದು ಹಾಕಬೇಕು. ಹಸಿಯಾಗುವುದು ಹೆಚ್ಚಾಗಿ ನೀರಿನ ಪಾತ್ರೆಯ ಸುತ್ತ. ಅದನ್ನು ಎರಡು ಇಟ್ಟಿಗೆ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟಮೇಲೆ ಅರ್ಧ ತೊಂದರೆ ಹೋಯಿತು. ಕೊನೆಗೆ ಮೊಣಕಾಲೂರಿ ಮೂಸುವುದು. ಇದನ್ನು ಒಂದು ದಿನವೂ ತಪ್ಪಿಸಿಲ್ಲ.

ಮೇವಿನಲ್ಲಿ ದೊಡ್ಡ ಬದಲಾವಣೆ ಏನೂ ಇಲ್ಲ. ಚಳಿಗೆ ಜಾಸ್ತಿ ತಿನ್ನುತ್ತವೆ, ಕಡಿಮೆ ಮಾಡಬೇಡಿ. ಸಂಜೆ ಗೂಡಿಗೆ ಸೇರುವ ಮುಂಚೆ ಒಡೆದ ಗೋವಿನಜೋಳ ಹಾಕುತ್ತೇನೆ. ರಾತ್ರಿ ಅದು ಅರಗುವಾಗ ಮೈ ಬೆಚ್ಚಗಿರುತ್ತದೆ. ಮುಂಜಾನೆ ತಣ್ಣೀರು ಕುಡಿಯುವುದಿಲ್ಲ, ಉಗುರುಬೆಚ್ಚಗೆ ಮಾಡಿ ಕೊಡಿ. ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಮಳೆಗೆ ಸಿಕ್ಕ, ಬೂಸು ಹಿಡಿದ ಗೋವಿನಜೋಳ ಕೋಳಿಗೆ ಹಾಕಬೇಡಿ. ಅಗ್ಗಕ್ಕೆ ಸಿಗುತ್ತದೆ, ನಿಜ. ಕಾಳಿನ ಮೂತಿಯಲ್ಲಿ ಹಸಿರು, ಕಪ್ಪು ಪುಡಿ ಕಂಡರೆ ಬಿಡಿ. ಆ ಬೂಸಿನ ವಿಷ ಈಲಿಯನ್ನು (ಲಿವರ್) ತಿನ್ನುತ್ತದೆ. ತೊಳೆದರೂ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ.

ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮಾತ್ರ ಬಿಡಲೇಬೇಡಿ. ಬಿಳಿ-ಹಸಿರು ಹಿಕ್ಕೆ, ಕತ್ತು ತಿರುಚುವುದು ಕಂಡ ಮೇಲೆ ಯಾವ ಔಷಧವೂ ಇಲ್ಲ. ಏಳನೇ ದಿನ ಲಸೋಟಾ ಅನ್ನುವ ಲಸಿಕೆ, ಕಣ್ಣಿಗೆ ಒಂದು ಹನಿ. ನಾಲ್ಕನೇ ವಾರ ಮತ್ತೊಮ್ಮೆ. ಎಂಟನೇ ವಾರ ಅದೇ ರೋಗಕ್ಕೆ ಆರ್‌ಟುಬಿ ಲಸಿಕೆ, ರೆಕ್ಕೆಯ ಕೆಳಗೆ ಚರ್ಮಕ್ಕೆ ಸೂಜಿ. ಸೀಸೆ ಬರುವುದು ನೂರು, ಇನ್ನೂರು ಕೋಳಿಯ ಲೆಕ್ಕದಲ್ಲಿ. ಹತ್ತು ಕೋಳಿ ಇರುವವರು ಅಷ್ಟು ಯಾಕೆ ಅಂತ ಸುಮ್ನೆ ಬಿಟ್ಟುಬಿಡುತ್ತಾರೆ, ರೋಗ ಅಲ್ಲಿಂದಲೇ ಓಣಿಗೆ ಹರಡುತ್ತದೆ. ಅದಕ್ಕೆ ನಮ್ಮ ಓಣಿಯ ಒಂಬತ್ತು ಮನೆಯವರು ಸೇರಿ ಒಂದೇ ದಿನ ಹಾಕುತ್ತೇವೆ. ಥರ್ಮಾಸ್‌ನಲ್ಲಿ ಮಂಜುಗಡ್ಡೆ ಹಾಕಿ ತರುತ್ತೇವೆ. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಕೋಳಿ ಗೂಡಿನಲ್ಲೇ ಇರುವಾಗ, ನಸುಕಿನಲ್ಲಿ ಮಾಡಿದರೆ ಹಿಡಿಯಲು ಓಡುವುದು ತಪ್ಪುತ್ತದೆ.

ಡಿಸೆಂಬರಿನಲ್ಲಿ ತತ್ತಿ ಕಡಿಮೆಯಾಗುವುದಕ್ಕೆ ಥಂಡಿಗಿಂತ ಬೆಳಕು ಕಾರಣ. ಆಗ ಹಗಲು ಹನ್ನೊಂದು ತಾಸಿನ ಮೇಲೆ ಸ್ವಲ್ಪ, ಅಷ್ಟೇ. ತತ್ತಿಗೆ ಹದಿನಾಲ್ಕು ತಾಸಾದರೂ ಬೇಕು. ಮೊದಲ ರಾತ್ರಿ ಕೈಕೊಟ್ಟ ಆ ಎಲ್ಇಡಿ ಬಲ್ಬು ಇಲ್ಲಿ ಕೆಲಸಕ್ಕೆ ಬಂತು. ವಾರಕ್ಕೆ ಅರ್ಧ ತಾಸಿನಂತೆ ಹೆಚ್ಚಿಸುತ್ತ ಹೋಗಿ, ಕೊನೆಗೆ ನಸುಕಿನ ನಾಲ್ಕಕ್ಕೆ ಹಚ್ಚುತ್ತೇನೆ. ಜವಾರಿ ಕೋಳಿಗೆ ಹಚ್ಚುವುದಿಲ್ಲ, ಅವು ತಮ್ಮ ಲೆಕ್ಕದಲ್ಲೇ ಇರಲಿ. ಜವಾರಿ ಹೇಂಟೆಯನ್ನು ಕಾವಿಗೆ ಕೂಡಿಸುವಾಗ ಬೇಸಿಗೆಯಲ್ಲಿ ಹದಿಮೂರು ತತ್ತಿ ಇಟ್ಟರೆ, ಈಗ ಹತ್ತೇ ಇಡುತ್ತೇನೆ. ಅಂಚಿನ ತತ್ತಿಗೆ ರೆಕ್ಕೆ ಸಾಲದೆ ತಣ್ಣಗಾಗುತ್ತದೆ.

ಇನ್ನು ಆಡು. ನಮ್ಮಲ್ಲಿ ಆರು ಇವೆ. ದೊಡ್ಡ ಆಡಿಗೆ ಚಳಿ ಲೆಕ್ಕಕ್ಕಿಲ್ಲ, ಒಣ ನೆಲ, ಕಣಿಕೆ, ಶೇಂಗಾ ಹೊಟ್ಟು ಇದ್ದರೆ ಸಾಕು. ಒಂಬತ್ತು ಗಂಟೆಗೆ ಮುಂಚೆ ಮೇಯಲು ಬಿಡುವುದಿಲ್ಲ. ಇಬ್ಬನಿ ಇರುವಾಗ ಜಂತಿನ ಮರಿಹುಳ ಹುಲ್ಲಿನ ತುದಿಗೆ ಏರಿರುತ್ತದೆ. ಅಂಜಿಕೆ ಇರುವುದು ಮರಿಗಳ ಬಗ್ಗೆ.

ಹೋದ ವರ್ಷ ಎಳ್ಳ ಅಮಾವಾಸ್ಯೆಯ ಹಿಂದಿನ ರಾತ್ರಿ. ಹೊಲಕ್ಕೆ ಚೆಲ್ಲುವ ಚರಗಕ್ಕೆ ಸಜ್ಜಿರೊಟ್ಟಿ ಬಡಿಯಲು ಎದ್ದಿದ್ದೆವು, ಮೂರು ಗಂಟೆ ಇರಬೇಕು. ಹಿತ್ತಲಲ್ಲಿ ಆಡು ಅವಳಿ ಈದಿತ್ತು. ಒಂದು ಮರಿ ಎದ್ದು ನಿಂತಿದೆ. ಇನ್ನೊಂದು ಹಸಿ ಮೈಯಲ್ಲಿ ಹಾಗೇ ಬಿದ್ದಿದೆ, ಕತ್ತು ಎತ್ತುತ್ತಿಲ್ಲ. ನಾನು ಗಾಬರಿಯಲ್ಲಿ ಹಾಲು ಹಿಂಡಲು ಕೂತೆ. ಅತ್ತೆ ಕೈ ಹಿಡಿದರು. "ತಡಿಯವಾ, ಮೊದಲ ಅದರ ಬಾಯಾಗ ಬೆರಳು ಇಟ್ಟು ನೋಡು." ಇಟ್ಟೆ. ಬಾಯಿ ಒಳಗೆಲ್ಲ ತಣ್ಣಗಿತ್ತು, ಗಡಿಗೆ ನೀರಿನ ಹಾಗೆ. ನಾಲಿಗೆ ಬೆರಳನ್ನು ಹಿಡಿಯಲಿಲ್ಲ. "ತಣ್ಣನ ಬಾಯಿಗೆ ಹಾಲು ಹಾಕಿದ್ರ ಉಸಿರಿನ ದಾರಿಗೆ ಹೊಕ್ಕತೈತಿ. ಮೊದಲ ಮೈ ಕಾಸು."

ಒಣ ಗೋಣಿಯಿಂದ ಮೈ ಚೆನ್ನಾಗಿ ತಿಕ್ಕಿದೆವು. ಒಲೆ ಹತ್ತಿರ ಕೌದಿಯಲ್ಲಿ ಸುತ್ತಿ, ಬದಿಗೆ ಬಿಸಿ ನೀರಿನ ಬಾಟಲಿ ಇಟ್ಟೆವು. ರೊಟ್ಟಿ ಬಡಿಯುತ್ತಲೇ ನಡುನಡುವೆ ಬೆರಳು ಇಟ್ಟು ನೋಡುತ್ತಿದ್ದೆ. ಮುಕ್ಕಾಲು ತಾಸಿಗೆ ಬಾಯಿ ಬೆಚ್ಚಗಾಯಿತು. ಆಮೇಲೆ ನಾಲಿಗೆ ಮೆಲ್ಲಗೆ ಬೆರಳು ಸುತ್ತಿ ಚೀಪಿತು. ಆಗ ಗಿಣ್ಣದ ಹಾಲು ಕೊಟ್ಟೆವು. ಹೊಕ್ಕುಳಿಗೆ ಅಯೋಡಿನ್ ಹಚ್ಚಿದೆವು. ಎರಡು ಕಿಲೋ ಮರಿಗೆ ದಿನಕ್ಕೆ 200 ಮಿಲಿಯಷ್ಟು ಗಿಣ್ಣ ಬೇಕು, ನಾಲ್ಕೈದು ಸಲಕ್ಕೆ ಹಂಚಿ. ಮಾಸು ಬೀಳುವ ತನಕ ಹಾಲು ಕುಡಿಸಬಾರದು ಅಂತ ಇನ್ನೂ ಹೇಳುವವರಿದ್ದಾರೆ. ದಯವಿಟ್ಟು ಕಾಯಬೇಡಿ. ರೋಗ ತಡೆಯುವ ಶಕ್ತಿ ಮರಿಗೆ ಬರುವುದೇ ಆ ಹಾಲಿನಿಂದ, ತಡವಾದಷ್ಟೂ ಅದು ಮೈಗೆ ಹಿಡಿಯುವುದು ಕಡಿಮೆ. ಗಟ್ಟಿ ಮರಿಗೆ ಹುಟ್ಟಿದ ಒಂದು ತಾಸಿನೊಳಗೇ ಸಿಗಬೇಕು.

ಆ ಮರಿ ಹೆಣ್ಣು. ಈಗ ಅದೇ ಗಬ್ಬವಿದೆ. 2021ರಲ್ಲಿ ನೂರಕ್ಕೆ ಮೂವತ್ತೇಳು ಹೋದವು ಅಂದೆನಲ್ಲ, ಹೋದ ಚಳಿಗಾಲ ತಂದ ನೂರರಲ್ಲಿ ಹೋದದ್ದು ಆರು. ಅದರಲ್ಲಿ ಎರಡು ಮುಂಗುಸಿ ಪಾಲು.

ಶಿವರಾತ್ರಿ ಮುಗಿದ ಮೇಲೆ ತಟ್ಟು ಬಿಚ್ಚುತ್ತೇವೆ. ಝಾಡಿಸಿ, ಎರಡು ದಿನ ಬಿಸಿಲಿಗೆ ಹಾಕಿ, ನಡುವೆ ಬೇವಿನ ಸೊಪ್ಪು ಇಟ್ಟು ಮಡಚಿ ಅಟ್ಟಕ್ಕೆ ಸೇರಿಸುತ್ತೇವೆ. ಶೇಂಗಾ ಸಿಪ್ಪೆಯ ಗೊಬ್ಬರ ತಿಪ್ಪೆಯಲ್ಲಿ ಕಳಿತು ಮುಂಗಾರಿಗೆ ಉಳ್ಳಾಗಡ್ಡಿ ಹೊಲಕ್ಕೆ ಹೋಗುತ್ತದೆ.