ನಾಯಿ ತರಬೇತುದಾರರ ಅರ್ಹತೆಯನ್ನು ಪರೀಕ್ಷಿಸುವ ಬಗೆ

ನಾಯಿಗೆ ಚಿಕಿತ್ಸೆ ನೀಡುವ ಪಶುವೈದ್ಯರು 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯಂತೆ ತಮ್ಮ ಹೆಸರನ್ನು ನೋಂದಾಯಿಸಿಕೊಂಡಿರಬೇಕು. ಅದೇ ನಾಯಿಗೆ ಕಲಿಸುವವರಿಗೆ ನಮ್ಮ ದೇಶದಲ್ಲಿ ಅಂಥ ಕಡ್ಡಾಯ ನೋಂದಣಿಯಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಾಗಲಿ ಧಾರವಾಡದ ಸಪ್ತಾಪುರದಲ್ಲಾಗಲಿ ಯಾರು ಬೇಕಾದರೂ ನಾಳೆಯೇ ಫಲಕ ಹಾಕಿ ಈ ಕೆಲಸ ಆರಂಭಿಸಬಹುದು. ಹೀಗಾಗಿ ಬಂದವರ ಅರ್ಹತೆಯನ್ನು ತೂಗಿ ನೋಡುವ ಹೊಣೆ ನಾಯಿ ಸಾಕಿದವರ ಮೇಲೆಯೇ ಬೀಳುತ್ತದೆ.

ಮೊದಲು ಪ್ರಮಾಣಪತ್ರದ ವಿಷಯ. ನಾಯಿಗಳ ತಳಿ, ವಂಶಾವಳಿಯನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಹೆಸರಿರುವ ಕಾಗದವನ್ನು ತೋರಿಸಿದರೆ ಅದು ಏನನ್ನು ಪ್ರಮಾಣೀಕರಿಸುತ್ತದೆ ಎಂಬುದನ್ನು ಓದಿ ನೋಡಬೇಕು. ನಾಯಿಯ ವಂಶಾವಳಿಯ ನೋಂದಣಿಪತ್ರವು ಅದರ ಮಾಲೀಕನಿಗೆ ಕಲಿಸುವ ವಿದ್ಯೆ ಬರುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಅಂತರರಾಷ್ಟ್ರೀಯ ಪ್ರಮಾಣಪತ್ರಗಳಲ್ಲಿ ಹೆಚ್ಚು ಪರಿಚಿತವಾದುದು, ನಾಯಿ ತರಬೇತುದಾರರ ಜ್ಞಾನವನ್ನು ಪರೀಕ್ಷಿಸಿ ಕೊಡುವ ಸಿಪಿಡಿಟಿ-ಕೆಎ. ಇದಕ್ಕೆ ಕನಿಷ್ಠ 300 ಗಂಟೆಗಳ ತರಬೇತಿ ಅನುಭವವೂ ಲಿಖಿತ ಪರೀಕ್ಷೆಯೂ ಬೇಕು, ಮೂರು ವರ್ಷಕ್ಕೊಮ್ಮೆ ನವೀಕರಣವೂ ಆಗಬೇಕು. ಅದನ್ನು ಪಡೆದವರ ಹೆಸರನ್ನು ಅದನ್ನು ಕೊಡುವ ಸಂಸ್ಥೆಯ ಜಾಲತಾಣದಲ್ಲಿಯೇ ಹುಡುಕಬಹುದಾದ್ದರಿಂದ ಗೋಡೆಗೆ ತೂಗುಹಾಕಿದ ಚೌಕಟ್ಟನ್ನು ನಂಬಿ ಕೂರಬೇಕಾಗಿಲ್ಲ. ಬೇರೆ ಯಾವುದೇ ಕೋರ್ಸಿನ ಹೆಸರು ಹೇಳಿದರೆ ಅದು ಎಷ್ಟು ದಿನದ್ದು, ಪರೀಕ್ಷೆ ಇತ್ತೇ, ನಾಯಿಯೊಡನೆ ಕೆಲಸ ಮಾಡುವುದನ್ನು ಯಾರಾದರೂ ಕಂಡು ತಿದ್ದಿದರೇ ಎಂದು ಕೇಳಬೇಕು. ಎರಡು ದಿನದ ಆನ್‌ಲೈನ್ ಕೋರ್ಸಿಗೂ ಬಣ್ಣದ ಕಾಗದ ಸಿಗುತ್ತದೆ. ಹಾಗೆಂದು ಕಾಗದವಿಲ್ಲದವರೆಲ್ಲ ಅನರ್ಹರೂ ಅಲ್ಲ.

ಪೊಲೀಸ್ ಶ್ವಾನದಳದಲ್ಲಿಯೋ ಸೈನ್ಯದಲ್ಲಿಯೋ ಕೆಲಸ ಮಾಡಿ ನಿವೃತ್ತರಾದವರ ಬಗ್ಗೆ ನಮ್ಮ ಕಡೆ ಸಹಜವಾಗಿಯೇ ಗೌರವವಿದೆ, ಅವರ ಅನುಭವವೂ ದೊಡ್ಡದು. ಆದರೆ ಆಯ್ದು ತಂದ ನಾಯಿಗೆ ಒಬ್ಬನೇ ಹ್ಯಾಂಡ್ಲರ್ ವಾಸನೆ ಹಿಡಿಯುವುದನ್ನು ಕಲಿಸುವ ಕೆಲಸ ಬೇರೆ; ಅತಿಥಿಗಳ ಮೇಲೆ ಜಿಗಿಯುವ, ಅಜ್ಜಿಯ ಮಾತನ್ನೂ ಮಗುವಿನ ಮಾತನ್ನೂ ಕೇಳಬೇಕಾದ ಮನೆಯ ಲ್ಯಾಬ್ರಡಾರ್‌ನ್ನು ತಿದ್ದುವ ಕೆಲಸ ಬೇರೆ. ನಿವೃತ್ತಿಯ ನಂತರ ಮನೆನಾಯಿಗಳೊಡನೆ ಎಷ್ಟು ಕೆಲಸ ಮಾಡಿದ್ದಾರೆ ಎಂಬುದನ್ನು ಸಂಕೋಚವಿಲ್ಲದೆ ವಿಚಾರಿಸಬೇಕು. ಗದಗ, ಹಾವೇರಿಯ ಹಳ್ಳಿಗಳಲ್ಲಿ ಮುಧೋಳ ನಾಯಿ ಸಾಕಿದವರು ಇನ್ನೊಂದು ಪ್ರಶ್ನೆಯನ್ನು ಸೇರಿಸಿಕೊಳ್ಳಲಿ. ಕಣ್ಣಿಗೆ ಬಿದ್ದ ಬೇಟೆಯನ್ನು ಬೆನ್ನಟ್ಟುವುದೇ ಆ ತಳಿಯ ಗುಣವಾಗಿರುವಾಗ, ಮೊಲವೊಂದು ಎದ್ದು ಓಡಿದರೆ ನಾಯಿಯನ್ನು ಹಿಂದಕ್ಕೆ ಕರೆಯುವುದನ್ನು ಹೇಗೆ ಕಲಿಸುತ್ತೀರಿ ಎಂದು ಕೇಳಬೇಕು. ‘ಮೊಂಡು ನಾಯಿ’ ಎಂದಷ್ಟೇ ಉತ್ತರ ಬಂದರೆ ಅವರಿಗೆ ತಳಿಯ ಪರಿಚಯವಿಲ್ಲ.

ಇವೆಲ್ಲಕ್ಕಿಂತ ಮುಖ್ಯವಾದುದು ಅವರ ಕೆಲಸವನ್ನು ಕಣ್ಣಾರೆ ನೋಡುವುದು. ನಿಮ್ಮ ನಾಯಿಯನ್ನು ಮನೆಯಲ್ಲಿಯೇ ಬಿಟ್ಟು, ಅವರು ಬೇರೊಂದು ನಾಯಿಗೆ ಕಲಿಸುವಾಗ ಹೋಗಿ ನಿಂತು ನೋಡಲು ಅನುಮತಿ ಕೇಳಿ; ಕಾರಣ ಹೇಳದೆ ನಿರಾಕರಿಸಿದರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಬಹುದು. ಅಲ್ಲಿ ತರಬೇತುದಾರರಿಗಿಂತ ನಾಯಿಯನ್ನು ಗಮನಿಸಬೇಕು. ಬಾಲವನ್ನು ಕಾಲಸಂದಿಗೆ ಸೇರಿಸಿಕೊಂಡು, ಕಿವಿಯನ್ನು ಹಿಂದಕ್ಕೆ ಒರಗಿಸಿ, ಮೇಲಿಂದ ಮೇಲೆ ತುಟಿ ನೆಕ್ಕಿಕೊಳ್ಳುತ್ತ, ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತಿದ್ದರೆ ಅದು ಒತ್ತಡದಲ್ಲಿದೆ ಎಂದು ತಿಳಿಯಬೇಕು. ಹೆದರಿದ ನಾಯಿ ಅಲುಗಾಡದೆ ಕೂರುವುದರಿಂದ ನೋಡಿದವರಿಗೆ ಅದು ವಿಧೇಯತೆಯಂತೆಯೇ ಕಾಣುತ್ತದೆ, ಅನೇಕರು ಮೋಸಹೋಗುವುದು ಇಲ್ಲಿಯೇ. ನಾಯಿ ಸರಿಯಾಗಿ ಮಾಡಿದಾಗ ಏನು ಕೊಡುತ್ತೀರಿ, ತಪ್ಪಿದಾಗ ಏನು ಮಾಡುತ್ತೀರಿ ಎಂಬ ಎರಡು ಪ್ರಶ್ನೆಗಳಿಗೆ ಬರುವ ಉತ್ತರ ಸ್ಪಷ್ಟವಾಗಿರಬೇಕು. ಎಳೆದರೆ ಕತ್ತು ಬಿಗಿಯುವ ಚೋಕ್ ಚೈನು, ಮುಳ್ಳಿನ ಕೊರಳಪಟ್ಟಿ, ಕರೆಂಟ್ ಹೊಡೆಯುವ ಕಾಲರ್ ಇವುಗಳ ಮಾತು ಬಂದರೆ ಎದ್ದು ಬರುವುದೇ ಲೇಸು. ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘವು 2021ರ ತನ್ನ ಹೇಳಿಕೆಯಲ್ಲಿ, ವರ್ತನೆಯ ಸಮಸ್ಯೆಗಳೂ ಸೇರಿದಂತೆ ಎಲ್ಲ ತರಬೇತಿಗೂ ಬಹುಮಾನ ಆಧಾರಿತ ವಿಧಾನವನ್ನೇ ಶಿಫಾರಸು ಮಾಡಿದೆ. ನಮ್ಮಲ್ಲಿಯೂ ಪ್ರಾಣಿಯನ್ನು ಹೊಡೆದು ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ.

‘ನೀವು ಯಜಮಾನರೆಂದು ನಾಯಿಗೆ ತೋರಿಸಿಕೊಡಬೇಕು’ ಎಂಬ ಉಪದೇಶವನ್ನೂ ಸಂಶಯದಿಂದಲೇ ಕೇಳಬೇಕು. ಅದರ ಮೂಲವಿರುವುದು 1947ರಲ್ಲಿ ಪ್ರಾಣಿವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ, ಬಂಧನದಲ್ಲಿದ್ದ ತೋಳಗಳು ಯಜಮಾನಿಕೆಗಾಗಿ ಕಾದಾಡುವುದನ್ನು ವಿವರಿಸಿದ ಅಧ್ಯಯನದಲ್ಲಿ. ಕಾಡಿನ ತೋಳಗಳ ಗುಂಪು ಸಾಮಾನ್ಯವಾಗಿ ತಂದೆ, ತಾಯಿ, ಮರಿಗಳ ಕುಟುಂಬವೇ ಹೊರತು ಪಟ್ಟಕ್ಕಾಗಿ ಕಾದಾಡುವ ತಂಡವಲ್ಲ ಎಂದು ತೋಳಗಳ ಸಂಶೋಧಕ ಡೇವಿಡ್ ಮೆಕ್ 1999ರಲ್ಲಿ ಬರೆದು ತಿದ್ದಿದರು. ಈ ಹಳೆಯ ಮಾತನ್ನೇ ಇನ್ನೂ ಹೇಳುತ್ತಿರುವವರು ತಮ್ಮ ವಿದ್ಯೆಯನ್ನು ಬಹಳ ಕಾಲದಿಂದ ಹೊಸದು ಮಾಡಿಕೊಂಡಿಲ್ಲ.

ಹೆಸರು, ಖ್ಯಾತಿಯ ವಿಚಾರಣೆಯಲ್ಲಿ ಗೂಗಲ್‌ನ ನಕ್ಷತ್ರಗಳಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ, ಏಕೆಂದರೆ ಅವುಗಳಲ್ಲಿ ಬಹಳಷ್ಟು ಮೊದಲ ವಾರದ ಉತ್ಸಾಹದಲ್ಲಿ ಬಿದ್ದವು. ತರಬೇತಿ ಮುಗಿದು ಆರು ತಿಂಗಳಾದ ಎರಡು ಮೂರು ಮನೆಯವರನ್ನು ಕಂಡು, ತರಬೇತುದಾರರು ಎದುರಿಗಿಲ್ಲದಾಗಲೂ ನಾಯಿ ನಿಮ್ಮ ಮಾತು ಕೇಳುತ್ತದೆಯೇ ಎಂದು ಕೇಳಿದರೆ ನಿಜಸ್ಥಿತಿ ಹೊರಬರುತ್ತದೆ. ಪಶು ಆಸ್ಪತ್ರೆಯಲ್ಲಿ ಸರದಿಗೆ ಕಾಯುವ ಜನ ಈ ವಿಷಯದಲ್ಲಿ ಧಾರಾಳವಾಗಿ ಮಾತನಾಡುತ್ತಾರೆ. ಪೆಟ್ ಅಂಗಡಿಯವರು ಒಂದೇ ಹೆಸರನ್ನು ಒತ್ತಿ ಹೇಳಿದರೆ ಕಮಿಷನ್ ಇದೆಯೇ ಎಂದು ನಗುತ್ತಲೇ ಕೇಳಿಬಿಡಬಹುದು.

ನಾಯಿಯನ್ನು ವಾರಗಟ್ಟಲೆ ತಮ್ಮಲ್ಲಿಯೇ ಇಟ್ಟುಕೊಂಡು ಕಲಿಸುತ್ತೇವೆ ಎನ್ನುವವರಲ್ಲಿ ಎಚ್ಚರಿಕೆ ಇಮ್ಮಡಿಯಾಗಿರಬೇಕು. ಮಲಗುವ ಜಾಗವನ್ನು ನೋಡಬೇಕು, ಮುನ್ಸೂಚನೆಯಿಲ್ಲದೆ ಬಂದು ಹೋಗಲು ಒಪ್ಪಿಗೆ ಪಡೆಯಬೇಕು. ಲಸಿಕೆಯ ಕಾರ್ಡನ್ನು ಕೇಳದೆಯೇ ನಾಯಿಯನ್ನು ಒಳಗೆ ಸೇರಿಸಿಕೊಳ್ಳುವವರು ಉಳಿದವರ ಕಾರ್ಡನ್ನೂ ನೋಡಿರುವುದಿಲ್ಲ, ಅಂಥಲ್ಲಿ ನಾಯಿಗಳ ಪ್ರಾಣಕ್ಕೇ ಕುತ್ತು ತರುವ ಪಾರ್ವೊ ವೈರಸ್ ಸೋಂಕು ಹರಡುವ ಭಯವಿದೆ. ಇಷ್ಟು ದಿನದಲ್ಲಿ ಖಚಿತವಾಗಿ ಸರಿಪಡಿಸುತ್ತೇವೆ ಎಂದು ಗ್ಯಾರಂಟಿ ಕೊಡುವವರಿಗೆ ಪೂರ್ತಿ ಹಣವನ್ನು ಮುಂಗಡವಾಗಿ ಕೊಡಬಾರದು; ತರಗತಿಯ ಲೆಕ್ಕದಲ್ಲಿ ಕೊಟ್ಟು ರಸೀದಿ ಪಡೆಯಬೇಕು. ಇದುವರೆಗೆ ಸೌಮ್ಯವಾಗಿದ್ದ ನಾಯಿ ಇದ್ದಕ್ಕಿದ್ದಂತೆ ಕಚ್ಚಲು ಬರುತ್ತಿದ್ದರೆ ಕಿವಿಯ ಸೋಂಕೋ ಕೀಲುನೋವೋ ಇರಬಹುದು. ಅಂಥ ಸಂದರ್ಭದಲ್ಲಿ ಪಶುವೈದ್ಯರಿಗೆ ತೋರಿಸಿಕೊಂಡು ಬನ್ನಿ, ಆಮೇಲೆ ನೋಡೋಣ ಎಂದು ಬಂದ ಗಿರಾಕಿಯನ್ನು ತಿರುಗಿ ಕಳಿಸುವ ತರಬೇತುದಾರರ ಫೋನ್ ನಂಬರನ್ನು ಬರೆದಿಟ್ಟುಕೊಳ್ಳಿ.